ಬೆಂಕಿ ಹೊರಗೆ, ಬೆಚ್ಚಗೆ ಒಳಗೆ: ಮಲೆನಾಡಿನ ಮನೆಗೆ ಸೌದೆ ಬಾಯ್ಲರ್ ಕೂರಿಸುವುದು ಹೇಗೆ?

ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಸರಿಯಾಗಿ ಬಿಡುವುದಿಲ್ಲ. ಆಗ ಚಳಿಗಿಂತ ಥಂಡಿಯೇ ಜಾಸ್ತಿ ಕಾಡುತ್ತದೆ. ಹಾಸಿಗೆ ತಣ್ಣಗೆ, ಗೋಡೆಗೆ ಬೂಷ್ಟು, ಒಗೆದ ಬಟ್ಟೆ ಎಷ್ಟು ದಿನವಾದರೂ ಹಸಿ. ಮಳೆ ಮುಗಿಯಿತು ಎನ್ನುವಷ್ಟರಲ್ಲಿ ಡಿಸೆಂಬರ್ ಚಳಿ ಶುರು.

ಇದಕ್ಕೆ ನಮ್ಮಲ್ಲಿರುವ ಹಳೆಯ ದಾರಿ ಎರಡು. ಸ್ನಾನಕ್ಕೆ ಬಚ್ಚಲ ಹಂಡೆ ಒಲೆ, ಕೋಣೆಗೆ ಅಗ್ಗಿಷ್ಟಿಕೆ. ಹಂಡೆ ಒಲೆಯ ಹೊಗೆ ಮನೆಯೊಳಗೇ ಸುತ್ತುತ್ತದೆ. ಅಗ್ಗಿಷ್ಟಿಕೆಯ ಕೆಂಡ ಇನ್ನೂ ಅಪಾಯ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಬಾಗಿಲು ಹಾಕಿ, ಕೆಂಡ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳದೇ ಹೋಗಿರುವುದುಂಟು. ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದರೆ ಬೆಂಕಿಯನ್ನು ಹೊರಗಿಟ್ಟು ಕಾವನ್ನು ಮಾತ್ರ ಒಳಗೆ ತರುವುದೇ ಸರಿ.

ಏಲಕ್ಕಿ ಒಣಗಿಸುವ ಗೂಡು ನೋಡಿದವರಿಗೆ ಇದು ಹೊಸದಲ್ಲ. ಒಲೆಯ ಬಾಯಿ ಹೊರಗೆ, ಕಾವು ಒಳಗೆ. ಮನೆಗೆ ಮಾಡುವಾಗ ಗೂಡಿನಂತೆ ಹೊಗೆಯ ಕೊಳವೆಯನ್ನು ಕೋಣೆಯೊಳಗೆ ಹಾಯಿಸುವುದಿಲ್ಲ, ಬಿಸಿನೀರನ್ನು ಹಾಯಿಸುತ್ತೇವೆ. ಅಷ್ಟೇ ವ್ಯತ್ಯಾಸ.

ಅಮೆರಿಕ, ಕೆನಡಾದ ಹಳ್ಳಿಗಾಡಿನಲ್ಲಿ ಇಂಥ ಹೊರಗಿನ ಒಲೆಗಳು ಸಾಕಷ್ಟಿವೆ. ಸುತ್ತ ನೀರು ತುಂಬಿದ ಉಕ್ಕಿನ ಪೆಟ್ಟಿಗೆಯೊಳಗೆ ಸೌದೆ ಉರಿಯುತ್ತದೆ. ಬಿಸಿಯಾದ ನೀರು ನೆಲದಡಿಯ ಪೈಪಿನಲ್ಲಿ ಮನೆಗೆ ಹೋಗಿ ವಾಪಸ್ ಬರುತ್ತದೆ. ಅಲ್ಲಿನ ಹಳೆಯ ಒಲೆಗಳಲ್ಲಿ ಒಂದು ದೊಡ್ಡ ದೋಷವಿತ್ತು. ರಾತ್ರಿಯಿಡೀ ಕಾವು ಇರಲಿ ಎಂದು ಸೌದೆ ತುಂಬಿ ಗಾಳಿ ಬರುವ ಬಾಗಿಲು ಮುಚ್ಚಿಬಿಡುತ್ತಿದ್ದರು. ಸೌದೆ ಉರಿಯದೆ ಹೊಗೆಯಾಡುತ್ತಿತ್ತು. ಅಕ್ಕಪಕ್ಕದವರ ದೂರು ಹೆಚ್ಚಾಗಿ, 2015ರಲ್ಲಿ ಅಮೆರಿಕ ಸರ್ಕಾರ ಹೊಸ ಒಲೆಗಳ ಹೊಗೆಗೆ ಮಿತಿ ಹಾಕಿತು. ಹಾಗಾಗಿ ನಾವು ಮೊದಲಿನಿಂದಲೇ ಬೇರೆ ದಾರಿ ಹಿಡಿಯೋಣ. ಸಂಜೆ ಎರಡು ಗಂಟೆ ಕಾಲ ಜೋರಾಗಿ ಉರಿಸಿ, ಆ ಕಾವನ್ನು ದೊಡ್ಡ ಟ್ಯಾಂಕಿನ ನೀರಿನಲ್ಲಿ ಕೂಡಿಡುವುದು. ರಾತ್ರಿ ಬೇಕಾದಷ್ಟು ಬಳಸುವುದು. ಮುಂದೆ ಹೇಳುವ ಅಳತೆಗಳೆಲ್ಲ ಇದರ ಮೇಲೇ ನಿಂತಿವೆ.

ಮೊದಲು ಲೆಕ್ಕ

ನಾಲ್ಕು ಜನರ ಮನೆ, ಬೆಚ್ಚಗಿರಬೇಕಾದ ಕೋಣೆ ಎರಡು ಎಂದುಕೊಳ್ಳಿ. 12 ಅಡಿ ಉದ್ದಗಲದ ಕೋಣೆಗೆ ಸುಮಾರು ಒಂದೂವರೆ ಕಿಲೋವ್ಯಾಟ್ ಕಾವು ಬೇಕು. ನಾಲ್ಕು ಗಂಟೆಗೆ ಅದು 6 ಯೂನಿಟ್. ಎರಡು ಕೋಣೆಗೆ 12. ತಲಾ ಎರಡು ಬಕೆಟ್ ಸ್ನಾನದ ನೀರಿಗೆ 4 ಯೂನಿಟ್. ದಾರಿಯಲ್ಲಿ ಸೋರಿಹೋಗುವುದು 4. ಒಟ್ಟು 20 ಯೂನಿಟ್.

500 ಲೀಟರ್ ನೀರನ್ನು 40 ಡಿಗ್ರಿಯಿಂದ 75ಕ್ಕೆ ಏರಿಸಿದರೆ ಹೆಚ್ಚುಕಮ್ಮಿ ಅಷ್ಟೇ ಕಾವು ಅದರಲ್ಲಿ ಕೂಡಿರುತ್ತದೆ. ಒಣಗಿದ ಸೌದೆ ಕಿಲೋಗೆ ಸುಮಾರು 4 ಯೂನಿಟ್ ಕೊಡುತ್ತದೆ. ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ಒಲೆಯಲ್ಲಿ ಅರ್ಧ ಚಿಮಣಿಗೆ ಹೋಯಿತು ಎಂದಿಟ್ಟುಕೊಂಡರೂ ದಿನಕ್ಕೆ 10 ಕಿಲೋ ಸೌದೆ ಸಾಕು. ಹಸಿ ಸೌದೆಯಾದರೆ ಇದರ ಎರಡು ಪಟ್ಟು ಹಾಕಬೇಕಾಗುತ್ತದೆ, ಹೊಗೆ ಬೇರೆ.

ಸ್ನಾನಕ್ಕೆ ಮಾತ್ರ ಸಾಕು ಎನ್ನುವವರಿಗೆ 200 ಲೀಟರ್ ಟ್ಯಾಂಕ್ ಧಾರಾಳ. ಕೋಣೆಯ ಪೈಪು, ಪಂಪು ಬೇಡ.

ಇನ್ನೊಂದು ಮಾತು. ಹೆಂಚಿನ ಮನೆಗೆ ಮುಚ್ಚಿಗೆ ಇಲ್ಲದಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಕಾವೆಲ್ಲ ಹೆಂಚಿನ ಸಂದಿಯಿಂದ ಮೇಲಕ್ಕೆ ಹೋಗುತ್ತದೆ. ಬೆಚ್ಚಗಾಗಬೇಕಾದ ಎರಡು ಕೋಣೆಗಾದರೂ ಮೊದಲು ಹಲಗೆ ಮುಚ್ಚಿಗೆ ಮಾಡಿಸಿ, ಆಮೇಲೆ ಬಾಯ್ಲರ್ ಮಾತು.

ಜಾಗ

ಇದಕ್ಕೆ ಅವಸರ ಬೇಡ. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಚಳಿಗಾಲದಲ್ಲಿ ಮೂಡಣದಿಂದ. ಒಲೆ ಉರಿಸುವುದು ಎರಡೂ ಕಾಲದಲ್ಲಿ. ಆದ್ದರಿಂದ ಮನೆಯ ಉತ್ತರಕ್ಕೋ ದಕ್ಷಿಣಕ್ಕೋ ಇದ್ದರೆ ಹೊಗೆ ಮನೆಗೆ ನುಗ್ಗುವುದು ಕಡಿಮೆ. ಆದರೆ ಗುಡ್ಡದ ಮಗ್ಗುಲಲ್ಲಿ ಗಾಳಿ ತನ್ನದೇ ದಾರಿ ಹಿಡಿಯುತ್ತದೆ. ಅಂದುಕೊಂಡ ಜಾಗದಲ್ಲಿ ಕೆಲವು ದಿನ ಬೆಳಗ್ಗೆ, ಸಂಜೆ ಸ್ವಲ್ಪ ತರಗೆಲೆ ಸುಟ್ಟು ಹೊಗೆ ಎತ್ತ ಹೋಗುತ್ತದೆ ಎಂದು ನೋಡಿ.

ಕಾಫಿ ಕಣದಿಂದ, ಗೋಡೌನಿನಿಂದ ದೂರ ಇರಲಿ. ಒಣಗುವ ಕಾಫಿ ಹೊಗೆಯ ವಾಸನೆಯನ್ನು ಬೇಗ ಹಿಡಿಯುತ್ತದೆ, ಆಮೇಲೆ ಅದು ಹೋಗುವುದಿಲ್ಲ. ಹುಲ್ಲಿನ ಬಣವೆಯೂ ಹತ್ತಿರ ಇರಬಾರದು.

ಮನೆಯಿಂದ 25 ಅಡಿ ಹದವಾದ ದೂರ. ಹತ್ತಿರವಾದರೆ ಹೊಗೆ, ದೂರವಾದರೆ ಕಾವು ನೆಲದ ಪಾಲು. ಮನೆಗಿಂತ ತಗ್ಗಿನ ಜಾಗ ಸಿಕ್ಕರೆ ಅದನ್ನೇ ಹಿಡಿಯಿರಿ. ಬಿಸಿನೀರು ಹಗುರ, ತಾನೇ ಮೇಲಕ್ಕೆ ಏರುತ್ತದೆ. ಒಲೆ ಕೆಳಗೆ, ಟ್ಯಾಂಕ್ ಮೇಲೆ ಇದ್ದರೆ ಕರೆಂಟೇ ಇಲ್ಲದೆ ನೀರು ಸುತ್ತುತ್ತದೆ. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಊರಿಗೆ ಇದಕ್ಕಿಂತ ದೊಡ್ಡ ಅನುಕೂಲ ಯಾವುದಿದೆ?

ಜಾಗ ಗೊತ್ತಾದ ಮೇಲೆ ಜಲ್ಲಿ ಹಾಸಿ, ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಕಾಂಕ್ರೀಟ್ ಕಟ್ಟೆ ಹಾಕಿಸಿ. ಮೇಲೆ ಜಿಂಕ್ ಶೀಟಿನ ಮಾಡು. ಪಕ್ಕದಲ್ಲೇ ಒಂದಿಷ್ಟು ಸೌದೆ ಇಡಲು ಜಾಗ ಬಿಡಿ, ಆದರೆ ಒಲೆಯ ಬಾಯಿಯ ಎದುರಿಗಲ್ಲ.

ಒಲೆ

ಚೌಕದ ಪೆಟ್ಟಿಗೆ ಬೇಡ. ನೀರಿನ ಒತ್ತಡಕ್ಕೆ ಚಪ್ಪಟೆ ತಗಡು ಉಬ್ಬುತ್ತದೆ. ದುಂಡಗಿನ ಸಿಲಿಂಡರ್ ಮಾಡಿಸಿ. ಒಳಗಿನದು 16 ಇಂಚು ಅಗಲ, 30 ಇಂಚು ಉದ್ದ, 6 ಎಂಎಂ ದಪ್ಪದ ಎಂಎಸ್ (ಮೆದು ಉಕ್ಕಿನ) ಪ್ಲೇಟ್. ಅದರ ಸುತ್ತ ಎರಡೂವರೆ ಇಂಚು ಬಿಟ್ಟು ಹೊರಗಿನ ಸಿಲಿಂಡರ್. ಈ ಸಂದಿಯಲ್ಲೇ ನೀರು ನಿಲ್ಲುವುದು, ಸುಮಾರು 70 ಲೀಟರ್. ಹಳೇ ಎಣ್ಣೆ ಡ್ರಮ್ ಕತ್ತರಿಸಿ ಮಾಡುವ ಆಸೆ ಬೇಡ. ಆ ತೆಳು ತಗಡು ಬೇಗ ತೂತಾಗುತ್ತದೆ.

ಕೆಳಗೆ ಬೀಡು ಕಬ್ಬಿಣದ ಜಾಲರಿ, ಅದರಡಿ ಬೂದಿ ಬೀಳುವ ಜಾಗ. ಬೂದಿ ಬಾಗಿಲಿನಿಂದಲೇ ಗಾಳಿ ಒಳಗೆ ಹೋಗಬೇಕು. ಬೂದಿ ಹಿಂದಿನ ದಿನದ್ದೇ ತುಂಬಿಕೊಂಡಿದ್ದರೆ ಗಾಳಿ ಇಲ್ಲ, ಉರಿ ಇಲ್ಲ.

ಶಾಪಿನಿಂದ ತರುವ ಮೊದಲು ನೀರು ತುಂಬಿಸಿ, 10 ಅಡಿ ಎತ್ತರದ ಪೈಪು ಸಿಕ್ಕಿಸಿ ಅದರಲ್ಲೂ ನೀರು ನಿಲ್ಲಿಸಿ. ಒಂದು ದಿನ ಹಾಗೇ ಬಿಡಿ. ಬೆಸುಗೆಯಲ್ಲಿ ಹನಿ ಕಂಡರೆ ಅಲ್ಲೇ ಸರಿಮಾಡಿಸಿ. ಕೂರಿಸಿದ ಮೇಲೆ ಸೋರಿದರೆ ಎಲ್ಲ ಬಿಚ್ಚಬೇಕಾಗುತ್ತದೆ.

ಚಿಮಣಿ 6 ಇಂಚಿನದು. ಸುತ್ತ 10 ಅಡಿಯೊಳಗೆ ಇರುವ ಯಾವುದೇ ಮಾಡಿಗಿಂತ 2 ಅಡಿಯಾದರೂ ಎತ್ತರ ಇರಲಿ. ತಲೆಗೊಂದು ಟೋಪಿ. ಜಿಂಕ್ ಶೀಟಿನ ಮೂಲಕ ಹೋಗುವ ಕಡೆ ಮರದ ರೀಪು, ಪಕಾಸಿ ತಾಗದಂತೆ ದೊಡ್ಡ ತೂತು ಬಿಡಿಸಿ.

ಟ್ಯಾಂಕ್, ಮತ್ತು ಎಂದೂ ಮುಚ್ಚಬಾರದ ಪೈಪು

500 ಲೀಟರ್ ನೀರು ಅಂದರೆ ಅರ್ಧ ಟನ್. ಅಟ್ಟದ ಮೇಲೆ ಇಡುವ ಮಾತೇ ಇಲ್ಲ. ಮನೆಯ ಹೊರಗೋಡೆಗೆ ಒತ್ತಿ ಕಲ್ಲಿನ ಕಟ್ಟೆ ಕಟ್ಟಿಸಿ ಅದರ ಮೇಲಿಡಿ. ಟ್ಯಾಂಕಿನ ತಳ ಒಲೆಯ ತಲೆಗಿಂತ ಎರಡು ಅಡಿ ಮೇಲಿರಬೇಕು. ಒಲೆಯ ಮೇಲ್ಭಾಗದಿಂದ ಹೊರಟ ಪೈಪು ಟ್ಯಾಂಕಿನ ಮೇಲ್ಭಾಗಕ್ಕೆ. ಟ್ಯಾಂಕಿನ ತಳದಿಂದ ಹೊರಟದ್ದು ಒಲೆಯ ತಳಕ್ಕೆ. ಎರಡೂ ಒಂದೂವರೆ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು. ಮೇಲೆ ಹೋಗುವ ಪೈಪು ಉದ್ದಕ್ಕೂ ಏರುತ್ತಲೇ ಇರಬೇಕು. ಎಲ್ಲಾದರೂ ಒಂದು ಕಡೆ ತಗ್ಗಿ ಮತ್ತೆ ಎದ್ದರೆ ಅಲ್ಲಿ ಗಾಳಿ ನಿಂತು ನೀರಿನ ಓಟ ಕಟ್ಟುತ್ತದೆ. ಜಾಗ ಮಟ್ಟಸವಾಗಿದ್ದರೆ ಟ್ಯಾಂಕನ್ನು ಒಲೆಯ ಪಕ್ಕದಲ್ಲೇ ಎತ್ತರದ ಕಟ್ಟೆಯ ಮೇಲಿಟ್ಟು, ಅಲ್ಲಿಂದ ಮನೆಗೆ ಪೈಪು ಎಳೆಯಿರಿ.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಟ್ಯಾಂಕಿನ ನೆತ್ತಿಯಿಂದ ಒಂದು ಇಂಚಿನ ಪೈಪು ಆಕಾಶಕ್ಕೆ ತೆರೆದಿರಬೇಕು. ಅದಕ್ಕೆ ವಾಲ್ವ್ ಬೇಡ, ಬಿರಡೆ ಬೇಡ, ಹಾವು ಹಲ್ಲಿ ಬೀಳುತ್ತದೆಂದು ಬಟ್ಟೆ ಕಟ್ಟುವುದೂ ಬೇಡ. ಬಾಯಿ ಕೆಳಕ್ಕೆ ಬಾಗಿಸಿದರೆ ಸಾಕು. ಒಲೆಯಿಂದ ಟ್ಯಾಂಕಿಗೆ ಹೋಗುವ ಎರಡು ಪೈಪಿಗೂ ವಾಲ್ವ್ ಹಾಕಬೇಡಿ. 500 ಲೀಟರ್ ನೀರು 80 ಡಿಗ್ರಿಗೆ ಬಂದಾಗ 13 ಲೀಟರ್‌ನಷ್ಟು ಹಿಗ್ಗುತ್ತದೆ. ಅದಕ್ಕೆ ಜಾಗ ಬೇಕು, ಹಾಗಾಗಿ ಟ್ಯಾಂಕನ್ನು ಕಂಠಮಟ್ಟ ತುಂಬಬೇಡಿ. ಕುದಿದು ಹಬೆಯಾದರೆ ಒಂದು ಲೀಟರ್ ನೀರು 1,600 ಲೀಟರ್‌ಗೂ ಮೀರಿ ಹಿಗ್ಗುತ್ತದೆ. ದಾರಿ ತೆರೆದಿದ್ದರೆ ಹಬೆ ಬುಸ್ಸೆಂದು ಹೊರಗೆ ಹೋಗುತ್ತದೆ. ಮುಚ್ಚಿದ್ದರೆ ಒಲೆಯೇ ಸಿಡಿಯುತ್ತದೆ. ಒತ್ತಡ ಹಿಡಿಯುವ ಬಾಯ್ಲರ್ ಮನೆಯಲ್ಲಿ ಮಾಡಿಕೊಳ್ಳುವ ವಸ್ತುವೇ ಅಲ್ಲ.

ಸ್ನಾನದ ನೀರನ್ನು ಈ ಟ್ಯಾಂಕಿನಿಂದ ನೇರ ತೆಗೆಯಬೇಡಿ. ದಿನವೂ ಹೊಸ ನೀರು ಸೇರಿದರೆ ಜೊತೆಗೆ ಆಮ್ಲಜನಕವೂ ಬಂದು ಕಬ್ಬಿಣ ತುಕ್ಕು ಹಿಡಿಯುತ್ತದೆ. ಒಳಗೆ 15 ಮೀಟರ್‌ನಷ್ಟು ತಾಮ್ರದ ಪೈಪನ್ನು ಸುರುಳಿ ಸುತ್ತಿ ಇಳಿಬಿಡಿ. ಮನೆ ಮೇಲಿನ ಟ್ಯಾಂಕಿನ ತಣ್ಣೀರು ಆ ಸುರುಳಿಯಲ್ಲಿ ಹಾದು ಬಿಸಿಯಾಗಿ ಬಚ್ಚಲಿಗೆ ಹೋಗಲಿ. ನಲ್ಲಿಯಲ್ಲಿ ಸುಡುವ ನೀರು ಬರುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂದು ಮಕ್ಕಳಿಗೆ ರೂಢಿ ಮಾಡಿಸಿ.

ಟ್ಯಾಂಕಿನ ಸುತ್ತ ನಾಲ್ಕು ಇಂಚು ಗ್ಲಾಸ್ ವೂಲ್ ಸುತ್ತಿ, ಮೇಲೆ ತಗಡು ಹೊದಿಸಿ. ಬದಿಗೊಂದು ಥರ್ಮಾಮೀಟರ್ ಡಯಲ್ ಇರಲಿ.

ನೆಲದಡಿಯ ಪೈಪು, ಕೋಣೆಯ ಪೈಪು

ಟ್ಯಾಂಕಿನಿಂದ ಕೋಣೆಗೆ ಸಿಪಿವಿಸಿ (ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪು) ನಡೆಯುತ್ತದೆ, 93 ಡಿಗ್ರಿವರೆಗೆ ತಡೆಯುತ್ತದೆ. ಮಾಮೂಲಿ ಪಿವಿಸಿ ಮೆತ್ತಗಾಗಿ ಜೋತುಬೀಳುತ್ತದೆ. ಸಿಪಿವಿಸಿ ಬಿಸಿಗೆ ಉದ್ದವೂ ಆಗುತ್ತದೆ, 50 ಡಿಗ್ರಿ ಏರಿದರೆ 10 ಮೀಟರಿಗೆ 3 ಸೆಂಟಿಮೀಟರ್. ನೇರ ಬಿಗಿದು ಕೂರಿಸದೆ ನಡುವೆ ಒಂದು ಬಳಸು ಕೊಡಿ.

ಚಳಿದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲಿ ಎಂದು ಪೈಪನ್ನು ಆಳಕ್ಕೆ ಹೂಳುತ್ತಾರೆ. ನಮಗೆ ಆ ಭಯವಿಲ್ಲ. ನಮ್ಮ ಶತ್ರು ಒದ್ದೆ ಮಣ್ಣು. ಜುಲೈ ತಿಂಗಳಲ್ಲಿ ನೆಲವೆಲ್ಲ ಊಟೆ. ಪೈಪಿಗೆ ಸುತ್ತಿದ ಹೊದಿಕೆ ನೆನೆದರೆ ಇದ್ದೂ ಇಲ್ಲದ ಹಾಗೆ, ಕಾವೆಲ್ಲ ಮಣ್ಣಿಗೆ. ಆದ್ದರಿಂದ ಪ್ರತಿ ಪೈಪಿಗೂ 19 ಎಂಎಂ ನೈಟ್ರೈಲ್ ರಬ್ಬರ್ ಕೊಳವೆ ತೊಡಿಸಿ, ಅದನ್ನು ದಪ್ಪ ಪಿವಿಸಿ ಪೈಪಿನೊಳಗೆ ತೂರಿಸಿ, ಒಂದೂವರೆ ಅಡಿ ಆಳದಲ್ಲಿ ಹೂಳಿ. ಎರಡು ತುದಿಯನ್ನೂ ನೀರು, ಇಲಿ ಹೋಗದಂತೆ ಮುಚ್ಚಿ.

ಕೋಣೆಯಲ್ಲಿ ಕಿಟಕಿಯ ಕೆಳಗೆ 2 ಇಂಚಿನ ಜಿಐ ಪೈಪನ್ನು ಹಾವಿನಂತೆ ಮಡಿಸಿ ಗೋಡೆಗೆ ಕೂರಿಸಿ. 60 ಡಿಗ್ರಿ ನೀರು ಹರಿದರೆ ಎರಡೂವರೆ ಲೆಂತ್ (ಒಂದು ಲೆಂತ್ ಅಂದರೆ 20 ಅಡಿ) ಪೈಪು ಒಂದು ಕಿಲೋವ್ಯಾಟ್‌ಗಿಂತ ಸ್ವಲ್ಪ ಮೇಲೆಯೇ ಕಾವು ಕೊಡುತ್ತದೆ. ಒಂದೂವರೆ ಬೇಕಾದರೆ ಮೂರೂವರೆ ಲೆಂತ್ ಹಾಕಿ. ಪೈಪಿನ ತಲೆ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಕೆಳಗಿರಲಿ, ಮೇಲಿನ ತುದಿಗೆ ಗಾಳಿ ಬಿಡುವ ಪುಟ್ಟ ನಲ್ಲಿ ಇರಲಿ. ಈ ಸುತ್ತಿಗೆ ಮಾತ್ರ 40-60 ವ್ಯಾಟಿನ ಬಿಸಿನೀರು ಪಂಪು ಬೇಕು, ಮನೆಯ ಇನ್ವರ್ಟರ್‌ನಲ್ಲೇ ಓಡುತ್ತದೆ. ಇನ್ವರ್ಟರ್ ಕೈಕೊಟ್ಟರೂ ಸ್ನಾನದ ನೀರಿಗೆ ತೊಂದರೆಯಿಲ್ಲ.

ಪೈಪಿನ ಮೇಲೆ ಒಂದು ಅಡಿ ಬಿಟ್ಟು ಬಟ್ಟೆ ಹರವಲು ಗಳ ಕಟ್ಟಿ. ಮಳೆಗಾಲದಲ್ಲಿ ಮನೆಯ ಹೆಂಗಸರು ಮೊದಲು ಮೆಚ್ಚುವುದು ಇದನ್ನೇ.

ಸೌದೆ

ಜನವರಿಯಿಂದ ಮಾರ್ಚ್‌ವರೆಗೆ ಕಡಿದು, ಸೀಳಿ, ನೆಲಕ್ಕೆ ತಾಗದಂತೆ ಪೇರಿಸಿ, ಮಳೆಗೆ ಮೊದಲೇ ಮಾಡಿನ ಕೆಳಗೆ ಸೇರಿಸಿ. ಒಣಗಿದ ಸೌದೆಯ ತುದಿ ಬಿರಿದಿರುತ್ತದೆ, ಒಂದಕ್ಕೊಂದು ಹೊಡೆದರೆ ಟಣ್ ಎನ್ನುತ್ತದೆ. ಕಾಫಿ ಗಿಡದ ಬೊಡ್ಡೆ, ಅಕೇಶಿಯಾ ಒಳ್ಳೆಯ ಸೌದೆ. ಸಿಲ್ವರ್ ಓಕ್ ಬೇಗ ಉರಿದುಹೋಗುತ್ತದೆ. ಹಾಲವಾಣ ಸುಮ್ನೆ ಹೊರುವ ಶ್ರಮ. ತೋಟದ ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯಲ್ಲಿ ಬಿದ್ದ ಕೊಂಬೆಗಳೇ ಸಾಕಷ್ಟಾಗುತ್ತವೆ, ಸೌದೆಗೆಂದು ಕಾಡುಮರಕ್ಕೆ ಕೈ ಹಾಕಬೇಡಿ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಬಿಳಿ ಕಾಂಡಕೊರಕ ಹುಳು ಹಿಡಿದು ಕಿತ್ತ ಅರೇಬಿಕಾ ಕಾಫಿ ಗಿಡಗಳನ್ನು ಮಾತ್ರ ಪೇರಿಸಿಡಬೇಡಿ. ಒಳಗಿರುವ ಹುಳು ದುಂಬಿಯಾಗಿ ಏಪ್ರಿಲ್-ಮೇ, ಅಕ್ಟೋಬರ್-ಡಿಸೆಂಬರ್ ಹೊತ್ತಿಗೆ ಹಾರಿಬಂದು ತೋಟದ ಬೇರೆ ಗಿಡಕ್ಕೆ ಮೊಟ್ಟೆ ಇಡುತ್ತದೆ. ಕಿತ್ತ ತಕ್ಷಣ ಉರಿಸಿ.

ಹೊತ್ತಿಸುವುದು

ಕಾಂಕ್ರೀಟ್ ಕಟ್ಟೆ ಚೆನ್ನಾಗಿ ಕ್ಯೂರಿಂಗ್ ಆದ ಮೇಲೆ ನೀರು ತುಂಬಿಸಿ, ಗಾಳಿ ಬಿಟ್ಟು, ಮೊದಲ ದಿನ ಸಣ್ಣ ಬೆಂಕಿ ಹಾಕಿ. ಎಲ್ಲ ಜಾಯಿಂಟ್ ಮುಟ್ಟಿ ನೋಡಿ. ಆಮೇಲೆ ದಿನವೂ ಸಂಜೆ ಮುಂಗೈ ದಪ್ಪದ ಸೀಳು ಸೌದೆ ಹಾಕಿ, ಗಾಳಿ ಬಾಗಿಲು ಪೂರ್ತಿ ತೆಗೆದು ಜೋರಾಗಿ ಉರಿಸಿ. ಡಯಲ್ 75 ತೋರಿಸಿದರೆ ಸೌದೆ ಹಾಕುವುದು ನಿಲ್ಲಿಸಿ. ಚಿಮಣಿಯಿಂದ ದಟ್ಟ ಹೊಗೆ ಬರುತ್ತಿದ್ದರೆ ಸೌದೆ ಹಸಿಯಿದೆ ಅಥವಾ ಗಾಳಿ ಸಾಲದು. ಹಾಗೇ ಬಿಟ್ಟರೆ ಒಳಗೆಲ್ಲ ಟಾರಿನಂಥ ಮಸಿ ಕಟ್ಟಿ ಒಂದು ದಿನ ಚಿಮಣಿಗೇ ಬೆಂಕಿ ಹತ್ತುತ್ತದೆ.

ವಾರಕ್ಕೊಮ್ಮೆ ನೀರಿನ ಮಟ್ಟ ನೋಡಿ. ನೀರು ಬತ್ತಿ ಒಲೆ ಕಾದಿದ್ದರೆ ತಣ್ಣೀರು ಹಾಕಬೇಡಿ. ಬೆಂಕಿ ಎಳೆದು, ಪೂರ್ತಿ ಆರಿದ ಮೇಲಷ್ಟೇ ತುಂಬಿಸಿ. ಬೂದಿಯನ್ನು ತಗಡಿನ ಬಕೆಟ್ಟಿನಲ್ಲಿ ಎರಡು ದಿನ ಇಟ್ಟು ಆಮೇಲೆ ತೋಟಕ್ಕೆ ಹಾಕಿ. ಮೇ ತಿಂಗಳಲ್ಲಿ ಚಿಮಣಿಗೆ ಬ್ರಷ್ ಹಾಕಿಸಿ. ಬೇಸಿಗೆಯಲ್ಲಿ ಒಲೆ ಹಚ್ಚದಿದ್ದರೂ ನೀರು ಖಾಲಿ ಮಾಡಬೇಡಿ, ಒಳಗೆ ಗಾಳಿಯಾಡಿದರೆ ತುಕ್ಕು ಜಾಸ್ತಿ.