ಟಾರ್ಚ್ ನೀವು ಹಿಡಿಯಿರಿ, ಸ್ಪ್ಯಾನರ್ ಮಗುವಿಗೆ ಕೊಡಿ

ನಾನು ಚಿಕ್ಕವಳಿದ್ದಾಗ ಅಪ್ಪ ಬೈಕ್ ರಿಪೇರಿಗೆ ಕೂತರೆ ಟಾರ್ಚ್ ಹಿಡಿಯುವ ಕೆಲಸ ನನ್ನದು. ಕೈ ನೋಯುತ್ತಿತ್ತು, ಬೆಳಕು ಅತ್ತಿತ್ತ ಹೋಗುತ್ತಿತ್ತು, "ಸರಿಯಾಗಿ ಹಿಡಿ" ಅಂತ ಅಪ್ಪ ಹೇಳುತ್ತಿದ್ದರು. ಅಷ್ಟು ವರ್ಷ ಬೆಳಕು ಹಿಡಿದರೂ ಪೆಟ್ರೋಲು ಗಾಳಿ ಬೆರೆಸುವ ಕಾರ್ಬ್ಯುರೇಟರ್ ಒಳಗೆ ಏನಿದೆ ಅಂತ ನನಗೆ ಗೊತ್ತಾಗಲಿಲ್ಲ. ಬೈಕ್ ಕೆಲಸ ಕಲಿತದ್ದು 30 ದಾಟಿದ ಮೇಲೆ, ನನ್ನದೇ ಬೈಕ್ ಬಿಚ್ಚಿ ಜೋಡಿಸಿ.

ಅಪ್ಪನ ಆ ಹಳೆ ಬೈಕ್ 9 ವರ್ಷ ಮೂಲೆಯಲ್ಲಿ ನಿಂತಿತ್ತು. 100 ಸಿಸಿ, ಫೋರ್ ಸ್ಟ್ರೋಕ್, ಒಂದೇ ಸಿಲಿಂಡರ್, ಕಿಕ್ ಹೊಡೆದೇ ಸ್ಟಾರ್ಟ್ ಮಾಡಬೇಕು. ಅದನ್ನು ನಾನೂ ನನ್ನ 12 ವರ್ಷದ ಮಗಳೂ ಸೇರಿ ಓಡುವ ಹಾಗೆ ಮಾಡಿದೆವು. ಶುರು ಮಾಡುವ ಮೊದಲೇ ಒಂದು ತೀರ್ಮಾನ ಮಾಡಿಕೊಂಡಿದ್ದೆ. ಟಾರ್ಚ್ ನಾನು ಹಿಡಿಯುತ್ತೇನೆ, ಸ್ಪ್ಯಾನರ್ ಅವಳ ಕೈಯಲ್ಲಿ ಇರುತ್ತದೆ. ನೀವೂ ಮಗುವಿನ ಜೊತೆ ಇಂಥ ಕೆಲಸಕ್ಕೆ ಇಳಿಯುವವರಾದರೆ, ನಾವು ಮಾಡಿದ ಕ್ರಮ ಇಲ್ಲಿದೆ.

ಎಲ್ಲಕ್ಕಿಂತ ಮೊದಲು: ವರ್ಷಗಟ್ಟಲೆ ನಿಂತ ಬೈಕಿಗೆ ಸುಮ್ನೆ ಹೋಗಿ ಕಿಕ್ ಹೊಡೆಯಬೇಡಿ. ಸಿಲಿಂಡರ್ ಒಳಗೆ ಎಣ್ಣೆ ಒಣಗಿರುತ್ತದೆ, ಪಿಸ್ಟನ್ ರಿಂಗ್‌ಗಳು ತುಕ್ಕು ಹಿಡಿದು ಅಂಟಿಕೊಂಡಿರಬಹುದು. ಜೋರಾಗಿ ಕಿಕ್ ಹೊಡೆದರೆ ಸಿಲಿಂಡರ್ ಗೋಡೆ ಗೀರು ಬೀಳುತ್ತದೆ, ರಿಂಗ್ ಮುರಿಯಲೂಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ. ಬಿಚ್ಚುವ ಮೊದಲು ಅದರ ಸುತ್ತಲಿನ ಮಣ್ಣು ಒರೆಸಿ, ಇಲ್ಲದಿದ್ದರೆ ಅದೆಲ್ಲ ಒಳಗೆ ಬೀಳುತ್ತದೆ. ಆ ತೂತಿನಿಂದ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೇ ಬಿಡಿ. ಮರುದಿನ ಸೆಂಟರ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿಗೆ ತಂದು, ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ಚಕ್ರದ ಜೊತೆ ಎಂಜಿನ್ ತಿರುಗಿದರೆ ಒಳ್ಳೆಯದು. ತಿರುಗದಿದ್ದರೆ ಬಲ ಹಾಕಬೇಡಿ, ಮತ್ತೆ ಎಣ್ಣೆ ಬಿಟ್ಟು ಎರಡು ದಿನ ಕಾಯಿರಿ.

ನಮ್ಮ ಬೈಕ್ ಎರಡನೇ ದಿನ ತಿರುಗಿತು. ಮಗಳು ಚಕ್ರ ತಿರುಗಿಸುತ್ತಿದ್ದವಳು ನಿಲ್ಲಿಸಿ, "ಅಮ್ಮ, ಒಳಗೆ ಏನೋ ಉಸಿರಾಡ್ತಿದೆ" ಅಂದಳು. ಪ್ಲಗ್ ತೂತಿನಿಂದ ಗಾಳಿ ಹೊರಗೆ ಬರುವ ಸದ್ದು ಅದು. ಆ ತೂತಿನ ಮೇಲೆ ಹೆಬ್ಬೆರಳು ಇಡಲು ಹೇಳಿದೆ. ನಾನು ಕಿಕ್ ಲಿವರನ್ನು ಕೈಯಿಂದ ಮೆಲ್ಲಗೆ ಒತ್ತಿದೆ. ಗಾಳಿ ಅವಳ ಬೆರಳನ್ನು ಹೊರಗೆ ತಳ್ಳಿತು. ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಅದುಮುವುದು, ಏನು ಅಂತ ವಿವರಿಸುವ ಕೆಲಸವೇ ಉಳಿಯಲಿಲ್ಲ. ಇದನ್ನು ಮಾಡುವಾಗ ಕೀ ಆಫ್ ಇರಲಿ, ಪ್ಲಗ್ ಕ್ಯಾಪ್ ದೂರ ಇರಲಿ.

ಹಳೆಯ ಎಂಜಿನ್ ಓಡಬೇಕಾದರೆ ಮೂರು ಬೇಕು: ಕಂಪ್ರೆಷನ್, ಕಿಡಿ, ಸರಿಯಾದ ಅಳತೆಯಲ್ಲಿ ಪೆಟ್ರೋಲು ಮತ್ತು ಗಾಳಿ. ಮಗುವಿಗೆ ಇಷ್ಟು ಹೇಳಿದರೆ ಸಾಕು. ಮುಂದೆ ಏನೇ ತೊಂದರೆ ಬಂದರೂ "ಮೂರರಲ್ಲಿ ಯಾವುದು ಇಲ್ಲ?" ಅಂತ ಅದೇ ಕೇಳಲು ಶುರು ಮಾಡುತ್ತದೆ.

ಬಿಚ್ಚುವ ಮೊದಲು ಒಂದು ನೋಟ್‌ಬುಕ್ ಕೊಡಿ. ಫೋನಿನಲ್ಲಿ ಫೋಟೋ ತೆಗೆಯಿರಿ, ಅದು ಬೇಕೇ ಬೇಕು. ಆದರೆ ಚಿತ್ರ ಬರೆದಾಗ ನೆನಪಿನಲ್ಲಿ ಉಳಿಯುವಷ್ಟು ಫೋಟೋದಿಂದ ಉಳಿಯುವುದಿಲ್ಲ. ಯಾವ ವೈರ್ ಯಾವ ಬಣ್ಣದ ವೈರಿಗೆ ಸೇರಿತ್ತು, ಕೇಬಲ್ ಹ್ಯಾಂಡಲಿನ ಯಾವ ಬದಿಯಿಂದ ಹೋಗುತ್ತಿತ್ತು, ಎಲ್ಲ ಮಗಳ ಪೆನ್ಸಿಲ್ ಗೆರೆಗಳಲ್ಲಿ ಇದೆ. ಎಂಜಿನ್ ಕವರ್ ಸ್ಕ್ರೂಗಳಿಗೆ ಇನ್ನೊಂದು ಉಪಾಯ. ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಸ್ಕ್ರೂ ಇರುವ ಜಾಗದಲ್ಲೆಲ್ಲ ತೂತು ಮಾಡಿ, ಬಿಚ್ಚಿದ ಸ್ಕ್ರೂವನ್ನು ಅದೇ ತೂತಿಗೆ ಚುಚ್ಚಿಡಿ. ಈ ಸ್ಕ್ರೂಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ಚಿಕ್ಕದರ ಜಾಗಕ್ಕೆ ಉದ್ದದ್ದು ಹಾಕಿ ಬಿಗಿದರೆ ತಳಕ್ಕೆ ತಾಗಿ ಅಲ್ಯೂಮಿನಿಯಂ ಸೀಳಬಹುದು.

ಕೂಡು ಗುರುತಿನ ತಲೆ ಇರುವ ಸ್ಕ್ರೂಗಳ ಬಗ್ಗೆಯೂ ಹೇಳಬೇಕು. ಜಪಾನಿ ವಿನ್ಯಾಸದ ಬೈಕುಗಳಲ್ಲಿ ಇರುವುದು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ, ಅಳತೆಯ ಸ್ಕ್ರೂ. ನೋಡಲು ಫಿಲಿಪ್ಸ್ ಥರವೇ ಇರುತ್ತದೆ, ಎಷ್ಟೋ ಸಲ ತಲೆಯ ಮೇಲೆ ಒಂದು ಸಣ್ಣ ಚುಕ್ಕಿ ಇರುತ್ತದೆ. ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿದರೆ ಅದು ಜಾರಿ ತಲೆ ಸವೆಯುತ್ತದೆ. ಮಗುವಿನ ಕೈಯಲ್ಲಿ ಶಕ್ತಿ ಕಡಿಮೆ ಅಂತ ಅಂದುಕೊಳ್ಳುತ್ತೇವೆ, ಎಷ್ಟೋ ಸಲ ತಪ್ಪು ಇರುವುದು ಸ್ಕ್ರೂಡ್ರೈವರಿನಲ್ಲಿ. ಸರಿಯಾದದ್ದು ಕೊಡಿ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ನಟ್ಟು ಬೋಲ್ಟಿಗೆ ಮೊದಲು ರಿಂಗ್ ಸ್ಪ್ಯಾನರ್ ಹಾಕುವ ಅಭ್ಯಾಸ ಮಾಡಿಸಿ. ಅದು ಆರೂ ಮೂಲೆ ಹಿಡಿಯುತ್ತದೆ, ಬೋಲ್ಟಿನ ಮೂಲೆ ಸವೆಯುವುದಿಲ್ಲ. 10, 12, 14 ನಂಬರ್ ಇದ್ದರೆ ಅರ್ಧ ಬೈಕ್ ಬಿಚ್ಚಬಹುದು.

ಬಿಗಿಯುವುದನ್ನು ಕಲಿಸುವುದು ಬಿಚ್ಚುವುದಕ್ಕಿಂತ ಕಷ್ಟ. ಬೋಲ್ಟನ್ನು ಮೊದಲು ಬೆರಳಿನಿಂದಲೇ ಹಾಕಬೇಕು. ಶುರುವಿನಲ್ಲಿ ಉಲ್ಟಾ ತಿರುಗಿಸಬೇಕು, 'ಟಿಕ್' ಅಂತ ಒಂದು ಸಣ್ಣ ಇಳಿತ ಕೈಗೆ ಗೊತ್ತಾಗುತ್ತದೆ. ಥ್ರೆಡ್ಡಿನ ಬಾಯಿ ಅಲ್ಲಿದೆ. ಅಲ್ಲಿಂದ ಸರಿ ದಿಕ್ಕಿಗೆ ತಿರುಗಿಸಿದರೆ ಅಡ್ಡ ಹೋಗುವುದಿಲ್ಲ. ಸ್ಪ್ಯಾನರ್ ಬರುವುದು ಕೊನೆಗೆ. 10 ನಂಬರ್ ತಲೆಯ ಬೋಲ್ಟಿಗೆ ಸ್ಪ್ಯಾನರಿನ ತುದಿ ಹಿಡಿಯಬಾರದು. ನಡುವೆ ಹಿಡಿದು ಮಣಿಕಟ್ಟಿನ ಬಲ ಮಾತ್ರ ಹಾಕಬೇಕು.

ಇದನ್ನೆಲ್ಲ ಹೇಳಿಕೊಟ್ಟ ಮೇಲೂ ಒಂದು ದಿನ ಮಗಳು ಕ್ಲಚ್ ಕವರಿನ ಬೋಲ್ಟನ್ನು ಪೂರ್ತಿ ಬಲ ಹಾಕಿ ಬಿಗಿದಳು. ಬೋಲ್ಟ್ ಇದ್ದಕ್ಕಿದ್ದ ಹಾಗೆ ಹಗುರವಾಗಿ ತಿರುಗತೊಡಗಿತು. ಥ್ರೆಡ್ ಹೋಗಿತ್ತು. ಅವಳ ಮುಖ ಸಣ್ಣದಾಯಿತು, ಸ್ಪ್ಯಾನರನ್ನು ನನ್ನ ಕಡೆ ಚಾಚಿದಳು. ಆ ಕ್ಷಣದಲ್ಲಿ ಅದನ್ನು ತೆಗೆದುಕೊಳ್ಳಬೇಡಿ ಅನ್ನುವುದೇ ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು. ನಾನು ತೆಗೆದುಕೊಳ್ಳಲಿಲ್ಲ. "ಇದಕ್ಕೂ ಮದ್ದಿದೆ ಕಣೇ" ಅಂದೆ. ಹೆಲಿಕಾಯಿಲ್ ಅನ್ನುವ ಸ್ಟೀಲ್ ಸುರುಳಿ ಸಿಗುತ್ತದೆ. ಕೆಟ್ಟ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ಸುರುಳಿ ಕೂರಿಸಿದರೆ ಹಳೆ ಬೋಲ್ಟೇ ಮತ್ತೆ ಹಿಡಿಯುತ್ತದೆ. ಕೊರೆಯುವ ಕೆಲಸ ನಾನು ಮಾಡಿದೆ, ಸುರುಳಿಯನ್ನು ಅವಳೇ ಕೂರಿಸಿದಳು. ಈಗ ಅವಳು ಬಿಗಿಯುವುದನ್ನು ನೋಡಿದರೆ ನನಗಿಂತ ನಾಜೂಕು.

ಕಾರ್ಬ್ಯುರೇಟರಿಗೆ ಒಂದು ಪೂರ್ತಿ ದಿನ ಇಡಿ. ನಿಂತ ಬೈಕುಗಳ ತೊಂದರೆ ಜಾಸ್ತಿ ಇರುವುದು ಅಲ್ಲೇ. ಪೆಟ್ರೋಲು ಆವಿಯಾಗಿ ಹೋದ ಮೇಲೆ ಅಂಟಿನಂಥ ಕೊಳೆ ಉಳಿಯುತ್ತದೆ, ಅದು ಪೆಟ್ರೋಲು ಅಳೆದು ಬಿಡುವ ಜೆಟ್‌ಗಳ ತೂತು ಮುಚ್ಚುತ್ತದೆ. ಕೆಳಗಿನ ಬಟ್ಟಲು ಬಿಚ್ಚಿದರೆ ಫ್ಲೋಟ್ ಕಾಣುತ್ತದೆ. ಅದು ಪೆಟ್ರೋಲಿನಲ್ಲಿ ತೇಲುತ್ತಾ ಮೇಲೆ ಬಂದಾಗ ಸೂಜಿಯೊಂದು ದಾರಿ ಮುಚ್ಚುತ್ತದೆ, ಇಳಿದಾಗ ತೆರೆಯುತ್ತದೆ. ಇದನ್ನು ಬೆರಳಿನಿಂದ ಎತ್ತಿ ಇಳಿಸಿ ನೋಡಲು ಬಿಡಿ. ಹೊರಗಿನ ಏರ್ ಸ್ಕ್ರೂ ಬಿಚ್ಚುವ ಮೊದಲು ಅದನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಎಷ್ಟು ಸುತ್ತು ಆಯಿತು ಅಂತ ಎಣಿಸಿ ಬರೆದುಕೊಳ್ಳಿ. ವಾಪಸ್ ಹಾಕುವಾಗ ಅಷ್ಟೇ ಸುತ್ತು ಹೊರಗೆ ಬಿಡಬೇಕು. ನಮ್ಮ ನೋಟ್‌ಬುಕ್ಕಿನಲ್ಲಿ "ಒಂದು ಮುಕ್ಕಾಲು" ಅಂತ ಇದೆ, ಕೆಳಗೆ ಎರಡು ಗೆರೆ.

ಜೆಟ್‌ಗಳು ಹಿತ್ತಾಳೆಯವು, ಮೆತ್ತಗೆ. ಚುಚ್ಚಲು ಸ್ಟೀಲ್ ತಂತಿ ಬಳಸಬೇಡಿ. ತೂತು ಸ್ವಲ್ಪ ದೊಡ್ಡದಾದರೂ ಪೆಟ್ರೋಲಿನ ಅಳತೆ ತಪ್ಪುತ್ತದೆ. ಕಾರ್ಬ್ ಕ್ಲೀನರ್ ಹಾಕಿ ನೆನೆಸಿ, ಗಾಳಿ ಹೊಡೆಯಿರಿ. ರಬ್ಬರ್ ಓ-ರಿಂಗ್‌ಗಳನ್ನು ಮೊದಲೇ ತೆಗೆದಿಡಿ, ಕ್ಲೀನರ್ ತಾಗಿದರೆ ಅವು ಉಬ್ಬುತ್ತವೆ. ಸ್ಪ್ರೇ ಒಂದು ತೂತಿನಲ್ಲಿ ಹೋಗಿ ಇನ್ನೊಂದರಿಂದ ನೇರ ಕಣ್ಣಿಗೆ ಹಾರುತ್ತದೆ, ಆದ್ದರಿಂದ ಇಬ್ಬರಿಗೂ ಕನ್ನಡಕ ಬೇಕು, ಕೈಗವಸು ಬೇಕು. ನಮ್ಮ ಪೈಲಟ್ ಜೆಟ್, ಅಂದರೆ ಎಂಜಿನ್ ನಿಧಾನವಾಗಿ ಓಡುವಾಗ ಪೆಟ್ರೋಲು ಕೊಡುವ ಸಣ್ಣ ಜೆಟ್, ಪೂರ್ತಿ ಮುಚ್ಚಿತ್ತು. ಮೂರು ಸಲ ನೆನೆಸಿದ ಮೇಲೆ, ಒಣಗಿಸಿ ಮಗಳ ಕೈಗೆ ಕೊಟ್ಟೆ. ಅವಳು ಅದನ್ನು ದೂರದರ್ಶಕದ ಹಾಗೆ ಆಕಾಶದ ಕಡೆ ಹಿಡಿದು ನೋಡಿದಳು. ಸೂಜಿಮೊನೆಯಷ್ಟು ಬೆಳಕು, ಪೂರ್ತಿ ದುಂಡಗೆ. ಬೆಳಕು ದುಂಡಗೆ ಕಾಣುವ ತನಕ ಜೆಟ್ ಕ್ಲೀನ್ ಆಗಿಲ್ಲ ಅಂತಲೇ ಲೆಕ್ಕ.

ಪೆಟ್ರೋಲ್ ಟ್ಯಾಂಕಿನ ಕೆಲಸ ಮಾತ್ರ ನಾನೊಬ್ಬಳೇ ಮಾಡಿದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ದೂರದ ಕಿಡಿಯನ್ನೂ ಮುಟ್ಟುತ್ತದೆ. ಬಯಲಲ್ಲಿ ಮಾಡಿ, ಮಗು ದೂರದಲ್ಲಿರಲಿ. ಹಳೆ ಪೆಟ್ರೋಲನ್ನು ಚರಂಡಿಗೆ ಸುರಿಯಬೇಡಿ, ಡಬ್ಬಿಯಲ್ಲಿ ತುಂಬಿ ಅದನ್ನು ತೆಗೆದುಕೊಳ್ಳುವ ಕಡೆ ಕೊಡಿ. ಟ್ಯಾಂಕ್ ಚೆನ್ನಾಗಿ ತೊಳೆದು ಪೆಟ್ರೋಲಿನ ವಾಸನೆ ಹೋದ ಮೇಲೆ, ಒಳಗಿನ ತುಕ್ಕು ತೆಗೆಯುವ ಕೆಲಸದಲ್ಲಿ ಮಗಳು ಸೇರಿಕೊಂಡಳು. ಟ್ಯಾಂಕಿನ ಕೆಳಗಿನ ನಲ್ಲಿ, ಅಂದರೆ ಪೆಟ್ರೋಲ್ ಕಾಕ್, ಬಿಚ್ಚಿ ಆ ತೂತು ಮುಚ್ಚಿ. ಲೀಟರ್ ಬಿಸಿನೀರಿಗೆ ಸುಮಾರು 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ತುಂಬಿ, ಒಂದು ದಿನ ಬಿಡಿ. ಮುಚ್ಚಳ ಬಿಗಿಯಾಗಿ ಹಾಕಬೇಡಿ, ಒಳಗೆ ಗ್ಯಾಸ್ ಆಗುತ್ತದೆ. ಆಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ಕೂಡಲೇ ಒಣಗಿಸಿ, ಸ್ವಲ್ಪ ಎಣ್ಣೆ ಬಿಟ್ಟು ಟ್ಯಾಂಕ್ ಅಲ್ಲಾಡಿಸಿ. ತಡ ಮಾಡಿದರೆ ಕಣ್ಣೆದುರೇ ಹೊಸ ತುಕ್ಕು ಬರುತ್ತದೆ.

ಕಿಡಿ ನೋಡುವುದು ಸುಲಭ. ಪ್ಲಗ್ಗನ್ನು ಕ್ಯಾಪಿಗೆ ಹಾಕಿ, ಅದರ ಲೋಹದ ಭಾಗ ಎಂಜಿನ್ನಿಗೆ ತಾಗುವಂತೆ ಇಟ್ಟು ಕಿಕ್ ಹೊಡೆಯಬೇಕು. ಪ್ಲಗ್ ತೂತಿನಿಂದ ದೂರ ಇಡಿ, ಹತ್ತಿರ ಪೆಟ್ರೋಲು ಇರಬಾರದು, ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬಾರದು. ನೀಲಿ ಕಿಡಿ ಬಂದರೆ ಸರಿ. ನಮಗೆ ಬರಲಿಲ್ಲ. ಸೀಟು ತೆಗೆದು ಹುಡುಕಿದರೆ ಇಲಿ ವೈರ್ ಕಡಿದಿತ್ತು. ಏರ್ ಫಿಲ್ಟರ್ ಡಬ್ಬಿಯಲ್ಲಿ ಅದರ ಗೂಡೂ ಇತ್ತು. ನಿಂತ ಬೈಕಿನಲ್ಲಿ ಆ ಡಬ್ಬಿ ತೆರೆಯದೆ ಮುಂದೆ ಹೋಗಬೇಡಿ.

ಬ್ರೇಕ್ ಸರಿಯಾಗುವ ತನಕ ಎಂಜಿನ್ ಸ್ಟಾರ್ಟ್ ಮಾಡುವ ಆಸೆ ಬಿಡಿ. ಡ್ರಮ್ ಬ್ರೇಕ್ ತೆರೆದಾಗ ಒಳಗಿನ ಧೂಳನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಊದಲೇಬಾರದು. ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಮಗುವನ್ನು ಆಚೆ ಕಳಿಸಿ, ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ಹೊಸ ಶೂ ಜೋಡಿಸುವುದು ಮಗುವಿನ ಕೆಲಸ ಆಗಬಹುದು. ಟೈರಿನ ವಯಸ್ಸನ್ನು ಅದರ ಬದಿಯಲ್ಲೇ ಓದಬಹುದು. ಕೊನೆಯ ನಾಲ್ಕು ಅಂಕೆ ನೋಡಿ: 2314 ಅಂತ ಇದ್ದರೆ 2014ರ 23ನೇ ವಾರ ತಯಾರಾದದ್ದು. ಗೆರೆ ಇನ್ನೂ ಇದೆ ಅಂತ ಹಳೆ ಟೈರ್ ಉಳಿಸಬೇಡಿ. ರಬ್ಬರ್ ಗಟ್ಟಿಯಾಗಿ ಸೀಳು ಬಿಟ್ಟಿದ್ದರೆ ಅದು ರಸ್ತೆ ಹಿಡಿಯುವುದಿಲ್ಲ. ಕೇಬಲ್‌ಗಳ ಎಳೆ ಬಿಚ್ಚಿದ್ದರೆ ಹೊಸದು ಹಾಕಿ. ಚೈನ್ ಒರೆಸುವಾಗ ಎಂಜಿನ್ ಓಡುತ್ತಿರಬಾರದು. ಚೈನಿಗೂ ಸ್ಪ್ರಾಕೆಟ್ಟಿಗೂ ನಡುವೆ ಬೆರಳು ಸಿಕ್ಕಿದರೆ ಉಳಿಯುವುದಿಲ್ಲ, ಇದನ್ನು ಮಗುವಿಗೆ ಹೆದರಿಸಿಯಾದರೂ ಹೇಳಿ.

ಹಳೆ ಎಂಜಿನ್ ಆಯಿಲ್ ಇಳಿಸಿದಾಗ ಇಬ್ಬರೂ ಸೇರಿ ನೋಡಿ. ಹಾಲಿನ ಬಣ್ಣ ಇದ್ದರೆ ನೀರು ಸೇರಿದೆ. ಮಿಂಚುವ ಚೂರುಗಳಿದ್ದರೆ ಒಳಗೆ ಏನೋ ಸವೆದಿದೆ. ಹೊಸದಾಗಿ ಹಾಕುವುದು ಬೈಕಿನ ಆಯಿಲೇ ಇರಲಿ, ಡಬ್ಬಿಯ ಮೇಲೆ ಬೈಕಿನ ಆಯಿಲಿಗೆ ಕೊಡುವ ಜಾಸೋ ಎಂಎ (JASO MA) ಗುರುತು ನೋಡಿ. ಬಹಳಷ್ಟು ಬೈಕುಗಳ ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲ್ ಹಾಕಿದರೆ ಜಾರಬಹುದು. ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದನ್ನು ಎಂಜಿನ್ ತಣ್ಣಗಿದ್ದಾಗ ಅಳೆಯಬೇಕು. ನಿಮ್ಮ ಬೈಕಿನ ಅಳತೆ ಅದರ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ.

ಸ್ಟಾರ್ಟ್ ಮಾಡುವ ದಿನ ಬೈಕನ್ನು ಬಯಲಿಗೆ ತನ್ನಿ. ಮುಚ್ಚಿದ ಜಾಗದಲ್ಲಿ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಕೊಲ್ಲುತ್ತದೆ, ವಾಸನೆಯಿಂದ ಗೊತ್ತೂ ಆಗುವುದಿಲ್ಲ. ಪ್ಲಗ್ ಬಿಚ್ಚಿ, ಕೀ ಆಫ್ ಇಟ್ಟು ಇಪ್ಪತ್ತು ಮೂವತ್ತು ಸಲ ಕಿಕ್ ಹೊಡೆದರೆ ಆಯಿಲ್ ಮೇಲೆ ಹತ್ತುತ್ತದೆ. ಆಮೇಲೆ ಪ್ಲಗ್ ಹಾಕಿ, ತಣ್ಣಗಿರುವ ಎಂಜಿನ್ನಿಗೆ ಗಾಳಿ ಕಡಿಮೆ ಮಾಡುವ ಚೋಕ್ ಎಳೆದು ಹೊಡೆಯಿರಿ. ನಮ್ಮದು ಹನ್ನೊಂದನೇ ಕಿಕ್ಕಿಗೆ ಒಮ್ಮೆ ಕೆಮ್ಮಿ ನಿಂತಿತು, ಹದಿನಾಲ್ಕಕ್ಕೆ ಓಡಿತು. ನೀಲಿ ಹೊಗೆ ದಟ್ಟವಾಗಿ ಬಂತು. ಮಗಳು ಗಾಬರಿಯಾಗಲಿಲ್ಲ. "ನಾವೇ ಬಿಟ್ಟ ಎಣ್ಣೆ ಅಲ್ವಾ ಅಮ್ಮ?" ಅಂದಳು. ಐದು ನಿಮಿಷಕ್ಕೆ ಹೊಗೆ ತೆಳುವಾಯಿತು. ಸೈಲೆನ್ಸರ್ ಬೇಗ ಕಾಯುತ್ತದೆ, ಮಗು ಉದ್ದ ಪ್ಯಾಂಟು ಹಾಕಿರಲಿ.

ಮೊದಲ ಓಟ ನಾನು ಮಾಡಿದೆ, ಹೆಲ್ಮೆಟ್ ಹಾಕಿ, ಖಾಲಿ ಜಾಗದಲ್ಲಿ, ಎರಡನೇ ಗೇರು ದಾಟದೆ. ಬಂದ ಮೇಲೆ ಎಲ್ಲ ನಟ್ಟು ಬೋಲ್ಟುಗಳನ್ನು ಮಗಳು ನೋಟ್‌ಬುಕ್ ಹಿಡಿದು ಇನ್ನೊಂದು ಸಲ ಮುಟ್ಟಿ ನೋಡಿದಳು. ಮೂರು ಸಡಿಲವಾಗಿದ್ದವು.

ಈಗ ಉಳಿದಿರುವುದು ಒಂದು ಸೋರಿಕೆ. ಎಂಜಿನ್ ಕೆಳಗೆ ರಟ್ಟು ಇಟ್ಟು ರಾತ್ರಿ ಕಳೆದರೆ ಎರಡು ಹನಿ ಬೀಳುತ್ತದೆ. ಎಲ್ಲಿಂದ ಅಂತ ಹುಡುಕಲು ಎಂಜಿನ್ ಪೂರ್ತಿ ಒರೆಸಿ, ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಬೇಕು. ಸೋರುವ ಕಡೆ ಪೌಡರ್ ಒದ್ದೆಯಾಗಿ ಗೆರೆ ಬೀಳುತ್ತದೆ. ಹೆಲಿಕಾಯಿಲ್ ಹಾಕಿದ ಬೋಲ್ಟಿನ ಹತ್ತಿರ ಇರಬಹುದು ಅಂತ ನನ್ನ ಅಂದಾಜು. ಅದು ಅಲ್ಲ, ಗೇರ್ ಲಿವರಿನ ಆಯಿಲ್ ಸೀಲ್ ಅಂತ ಅವಳದು. ನಿನ್ನೆ ಸಂಜೆ ಪೌಡರ್ ಹಾಕಿದ್ದೇವೆ.