ತುಮಕೂರೋ ಕೋಲಾರವೋ: ಮನೆ ಮಾಡುವ ಮುಂಚೆ ತೂಗಿ ನೋಡುವ ಬಗೆ

ಬೆಂಗಳೂರಿನಿಂದ ತುಮಕೂರು ವಾಯುವ್ಯಕ್ಕೆ, ಕೋಲಾರ ಪೂರ್ವಕ್ಕೆ. ದೂರ ಎರಡಕ್ಕೂ ಸುಮಾರು 70 ಕಿಲೋಮೀಟರ್. ಮೊದಲು ಎರಡೂ ಎನ್‌ಎಚ್ 4ರ ಮೇಲಿನ ಊರುಗಳೇ. ಈಗ ತುಮಕೂರಿನ ಕಡೆ ಅದು 48, ಕೋಲಾರದ ಕಡೆ 75. ಭೂಪಟ ನೋಡಿದವರಿಗೆ ಯಾವುದಾದರೇನು ಅನ್ನಿಸುವುದು ಸಹಜ. ಆದರೆ ಕಿಲೋಮೀಟರಿನಲ್ಲಿ ಈ ಊರುಗಳನ್ನು ಅಳೆಯಬಾರದು. ಅಳೆಯಬೇಕಾದ್ದು ಎರಡು: ಸೋಮವಾರ ಬೆಳಿಗ್ಗೆ ಮನೆ ಬಾಗಿಲಿನಿಂದ ಕೆಲಸದ ಬಾಗಿಲಿಗೆ ಹಿಡಿಯುವ ಹೊತ್ತು, ಮತ್ತು ಏಪ್ರಿಲ್ ತಿಂಗಳಲ್ಲಿ ಸಂಪಿನಲ್ಲಿರುವ ನೀರು.

ಮೊದಲು ಓಡಾಟ. ಭಾನುವಾರ ಕಾರಿನಲ್ಲಿ ಹೋಗಿ 'ಒಂದೂಕಾಲು ಗಂಟೇಲಿ ಬಂದ್ವಿ' ಎಂದು ಖುಷಿಪಟ್ಟು ಅಡ್ವಾನ್ಸು ಕೊಟ್ಟು ಬರುವವರೇ ಹೆಚ್ಚು. ವಾರದ ದಿನ ತುಮಕೂರಿನಿಂದ ಬರುವವರು ನೆಲಮಂಗಲ ದಾಟಿದ ಮೇಲೆ ಪೀಣ್ಯ, ಗೊರಗುಂಟೆಪಾಳ್ಯದಲ್ಲಿ ನಿಲ್ಲುತ್ತಾರೆ. ಕೋಲಾರದವರು ಹೊಸಕೋಟೆ ದಾಟಿ ಕೆ.ಆರ್. ಪುರ, ಟಿನ್ ಫ್ಯಾಕ್ಟರಿಯಲ್ಲಿ ನಿಲ್ಲುತ್ತಾರೆ. 70 ಕಿಲೋಮೀಟರಿನಲ್ಲಿ ಕೊನೆಯ ಹತ್ತು ಹನ್ನೆರಡೇ ದಿನವನ್ನು ನುಂಗುವುದು. ಇದನ್ನು ತಪ್ಪಿಸಲು ಎರಡೂ ಕಡೆ ದಾರಿಯಿದೆ. ತುಮಕೂರಿನ ಬಸ್ಸಿನಲ್ಲಿ ಬರುವವರು ಮೆಜೆಸ್ಟಿಕ್ ತನಕ ಕೂರದೆ ಹಸಿರು ಮಾರ್ಗದ ಮೆಟ್ರೊ ಹಿಡಿಯಬಹುದು. 2024ರ ನವೆಂಬರಿನಿಂದ ಅದು ತುಮಕೂರು ರಸ್ತೆಯ ಮಾದಾವರದ ತನಕ ಬಂದಿದೆ. ಪೂರ್ವದ ಕಡೆ 2023ರಲ್ಲಿ ನೇರಳೆ ಮಾರ್ಗ ಕಾಡುಗೋಡಿಗೆ ಬಂತು. ಬಂಗಾರಪೇಟೆಯಿಂದ ರೈಲಿನಲ್ಲಿ ಬಂದವರು ವೈಟ್‌ಫೀಲ್ಡ್ ಸ್ಟೇಷನ್ನಿನಲ್ಲಿಳಿದು ನಡೆದೇ ಆ ಮೆಟ್ರೊ ಸೇರಬಹುದು.

ರೈಲಿನ ವಿಷಯದಲ್ಲಿ ತುಮಕೂರು ಗೆದ್ದಾಗಿದೆ. ಬೆಂಗಳೂರು-ಅರಸೀಕೆರೆ-ಹುಬ್ಬಳ್ಳಿ ಮುಖ್ಯ ಮಾರ್ಗ ಊರಿನ ನಡುವೆಯೇ ಹೋಗುತ್ತದೆ. ಯಶವಂತಪುರದ ತನಕ ಜೋಡಿ ಹಳಿಯಿದೆ. ಕೋಲಾರಕ್ಕೂ ಸ್ಟೇಷನ್ ಇದೆ, ಆದರೆ ಅದು ಬಂಗಾರಪೇಟೆ-ಚಿಂತಾಮಣಿ-ಚಿಕ್ಕಬಳ್ಳಾಪುರದ ಕವಲು ಮಾರ್ಗದ್ದು. ಅಲ್ಲಿ ಗಾಡಿಗಳು ಕಡಿಮೆ. ಚೆನ್ನೈ ಮಾರ್ಗದ ರೈಲು ಬೇಕಾದರೆ ಹದಿನೈದು ಕಿಲೋಮೀಟರ್ ಚಿಲ್ಲರೆ ದೂರದ ಬಂಗಾರಪೇಟೆಗೇ ಹೋಗಬೇಕು. ಅಲ್ಲಿಗೆ ಬೈಕೋ ಬಸ್ಸೋ, ಬೈಕಾದರೆ ಸ್ಟೇಷನ್ನಿನಲ್ಲಿ ನಿಲ್ಲಿಸುವ ದುಡ್ಡು, ಎಲ್ಲವೂ ಲೆಕ್ಕಕ್ಕೆ ಬರಲಿ. ದಿನಾ ರೈಲಿನಲ್ಲಿ ಹೋಗುವ ಕೋಲಾರದವರು ಬಂಗಾರಪೇಟೆಯಲ್ಲೋ ಮಾಲೂರಿನಲ್ಲೋ ಮನೆ ಹುಡುಕುವುದೇ ವಾಸಿ. ಇನ್ನು ಸೀಸನ್ ಪಾಸು ನಡೆಯುವುದು ಕಾಯ್ದಿರಿಸದ ಬೋಗಿಯಲ್ಲಿ. ಸೂಪರ್‌ಫಾಸ್ಟ್ ಗಾಡಿಗೆ ಬೇರೆ ಹೆಚ್ಚುವರಿ ಹಣ ಕಟ್ಟಿರಬೇಕು. ಅದು ಗೊತ್ತಿಲ್ಲದೆ ಹತ್ತಿದವರು ದಂಡ ಕಟ್ಟಿ ಇಳಿಯುತ್ತಾರೆ.

ಕೆಲಸ ಬೆಂಗಳೂರಿನಲ್ಲೇ ಇರಬೇಕೆಂದೇನಿಲ್ಲ. ನರಸಾಪುರ, ವೇಮಗಲ್ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಕೋಲಾರ ಬಿಟ್ಟು ಬೇರೆ ಯೋಚನೆ ಬೇಡ. ವಸಂತನರಸಾಪುರದ ಕಾರ್ಖಾನೆಗಳವರಿಗೆ ತುಮಕೂರು.

ಈಗ ನೀರು. ಎರಡು ಜಿಲ್ಲೆಗಳಲ್ಲೂ ವರ್ಷವಿಡೀ ಹರಿಯುವ ಹೊಳೆಯಿಲ್ಲ. ತುಮಕೂರು ನಗರ ಕುಡಿಯುವುದು ಹೇಮಾವತಿ ನಾಲೆಯ ನೀರನ್ನು. ಅದು ಬುಗುಡನಹಳ್ಳಿ ಕೆರೆಯಲ್ಲಿ ನಿಂತು ಶುದ್ಧವಾಗಿ ನಲ್ಲಿಗೆ ಬರುತ್ತದೆ. ಹೇಮಾವತಿಯ ಗೊರೂರು ಅಣೆಕಟ್ಟಿಗೆ ಮಳೆ ಕೈಕೊಟ್ಟ ವರ್ಷ ಕೆರೆ ತುಂಬುವುದಿಲ್ಲ, ಬೇಸಿಗೆಯಲ್ಲಿ ನಲ್ಲಿ ಬಿಡುವ ದಿನಗಳ ನಡುವಿನ ಅಂತರ ಹಿಗ್ಗುತ್ತದೆ. ಕೋಲಾರ ಬಹುಕಾಲ ಬೋರನ್ನೇ ನಂಬಿದ ಊರು. ಕೋಲಾರ, ಬಂಗಾರಪೇಟೆ, ಮಾಲೂರಿನ ಕುಡಿಯುವ ನೀರಿಗೆಂದೇ ಯರಗೋಳ್ ಅಣೆಕಟ್ಟು ಕಟ್ಟಿದ್ದಾರೆ. ಕೆ.ಸಿ. ವ್ಯಾಲಿ ಯೋಜನೆ ಬೇರೆ ಕತೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಅದು ಅಂತರ್ಜಲಕ್ಕೆ, ಕುಡಿಯುವುದಕ್ಕಲ್ಲ. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಎಂದು ಅಲ್ಲಿನ ರೈತರು ಕೇಳುತ್ತಲೇ ಇದ್ದಾರೆ.

ಮನೆ ನೋಡಲು ಹೋದಾಗ ನೀರಿನ ವಿಷಯ ಓನರನ್ನು ಕೇಳಬೇಡಿ. ಬೀದಿಯ ನೀರುಗಂಟಿಯನ್ನು, ಇಲ್ಲವೇ ಎದುರುಮನೆಯವರನ್ನು ಕೇಳಿ: 'ಹೋದ ಬೇಸಿಗೇಲಿ ಎಷ್ಟು ದಿನಕ್ಕೊಮ್ಮೆ ಬಿಟ್ಟರು, ಎಷ್ಟು ಹೊತ್ತು ಬಿಟ್ಟರು, ಟ್ಯಾಂಕರ್ ಎಷ್ಟು ಸಲ ತರಿಸಿದಿರಿ?' ಆಮೇಲೆ ಸಂಪಿನ ಮುಚ್ಚಳ ತೆಗೆಸಿ, ಟೇಪು ಹಿಡಿದು ಅಳೆಯಿರಿ. 6 ಅಡಿ ಉದ್ದ, 5 ಅಡಿ ಅಗಲ, 6 ಅಡಿ ಆಳ ಅಂದರೆ 180 ಘನ ಅಡಿ. ಘನ ಅಡಿಗೆ 28.3 ಲೀಟರ್, ಒಟ್ಟು 5,000 ಲೀಟರಿನ ಮೇಲೆ. ಓನರ್ ಹೇಳುವ ಲೆಕ್ಕ ಇದು. ಆದರೆ ಮೇಲೆ ಅರ್ಧ ಅಡಿ ತುಂಬುವುದಿಲ್ಲ, ತಳದ ಅರ್ಧ ಅಡಿ ಫುಟ್‌ವಾಲ್ವಿಗೆ (ನೀರೆಳೆಯುವ ಪೈಪಿನ ತುದಿಯ ವಾಲ್ವು) ಸಿಗುವುದಿಲ್ಲ. ಬಳಕೆಗೆ ಉಳಿಯುವುದು 4,200 ಚಿಲ್ಲರೆ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ರೂಢಿಯ ಅಳತೆ. ನಾಲ್ಕು ಜನಕ್ಕೆ 540. ಎಂಟು ದಿನಕ್ಕೊಮ್ಮೆ ನೀರು ಬಂದರೆ 4,320 ಬೇಕು. ಅಂದರೆ ಎಂಟನೇ ದಿನ ಸಂಜೆ ಮೋಟಾರ್ ಗಾಳಿ ಎಳೆಯುತ್ತದೆ. ನೆಂಟರು ಬಂದರೆ ಏಳನೇ ದಿನವೇ.

ಬೋರಿನ ನೀರಾದರೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವ ಸಾಧನ) ಜೇಬಿನಲ್ಲಿರಲಿ. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಚಿಂತೆಯಿಲ್ಲ, ಬೇರೆ ನೀರೇ ಇಲ್ಲದಿದ್ದರೆ 2,000ದ ತನಕ ನಡೆಯುತ್ತದೆ. ಆದರೆ ಈ ಮೀಟರು ಫ್ಲೋರೈಡ್ ತೋರಿಸುವುದಿಲ್ಲ, ನಮ್ಮ ಕಡೆಯ ನಿಜವಾದ ತೊಂದರೆ ಅದೇ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚುತ್ತದೆ. ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ, ತುಂಬಿಸಿ, ಜಿಲ್ಲಾ ಕೇಂದ್ರದ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ಆರ್‌ಒ ಫಿಲ್ಟರ್ ಹಾಕಿಸಿದರೆ ಫ್ಲೋರೈಡ್ ಇಳಿಯುತ್ತದೆ, ಆದರೆ ಹೊರಗೆ ಹೋಗುವ ನೀರು ಸಿಗುವ ನೀರಿಗಿಂತ ಹೆಚ್ಚು. ಅದನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು ಇಟ್ಟುಕೊಳ್ಳಿ.

ಎರಡೂ ಊರುಗಳಲ್ಲಿ ಭೋಗ್ಯದ ಮನೆಗಳು ಸಿಗುತ್ತವೆ. ಬಾಡಿಗೆ ಇಲ್ಲ ಎಂಬ ಆಸೆಗೆ ಲಕ್ಷಗಟ್ಟಲೆ ಕೊಟ್ಟು ಸಿಕ್ಕಿಬೀಳುವುದು ಇಲ್ಲೇ. ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರ) ತೆಗೆಸಿ, ಸರಿ. ಆದರೆ ಪತ್ರ ಅಡವಿಟ್ಟು ತಂದ ಬ್ಯಾಂಕ್ ಸಾಲ ಕೆಲವು ಸಲ ಇಸಿಯಲ್ಲಿ ಕಾಣುವುದಿಲ್ಲ. 'ಮೂಲ ಕ್ರಯಪತ್ರ ತೋರಿಸಿ' ಅನ್ನಿ. ಜೆರಾಕ್ಸ್ ಮಾತ್ರ ಬಂದರೆ ಮೂಲ ಎಲ್ಲಿದೆ ಎಂದು ಊಹಿಸಬಹುದು. ಒಂದು ವರ್ಷ ಮೀರಿದ ಕರಾರನ್ನು ಬರೀ ಛಾಪಾ ಕಾಗದದಲ್ಲಿ ಬರೆದುಕೊಂಡರೆ ಸಾಲದು, ನೋಂದಣಿ ಆಗಬೇಕು.

ಓದುವ ಮಕ್ಕಳಿದ್ದರೆ ತುಮಕೂರಿನ ತಕ್ಕಡಿ ತುಸು ಭಾರ: 2004ರಲ್ಲಿ ಆದ ವಿಶ್ವವಿದ್ಯಾಲಯ, 1963ರ ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜು, ಬೀದಿಗೊಂದರಂತೆ ಹಾಸ್ಟೆಲು. ದೊಡ್ಡ ಆಸ್ಪತ್ರೆ ಎರಡೂ ಊರಿಗೆ ಇದೆ. ಕೋಲಾರದಲ್ಲಿ ಟಮಕದ ಮೆಡಿಕಲ್ ಕಾಲೇಜು. ಮನೆಯಲ್ಲಿ ತೆಲುಗು ಆಡುವವರಿಗೆ ಕೋಲಾರ ಎರಡೇ ದಿನದಲ್ಲಿ ಒಗ್ಗುತ್ತದೆ.

ನೋಡಲು ಹೋಗುವ ಊರು ಯಾವುದೆಂದರೆ ನಮ್ಮ ಮತ ಕೋಲಾರಕ್ಕೆ. ಅಂತರಗಂಗೆ ಬೆಟ್ಟವನ್ನು ಬಿಸಿಲೇರುವ ಮುಂಚೆ, ಏಳಕ್ಕೆಲ್ಲ ಹತ್ತಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲವಿದ್ದರೆ ಕೋತಿಗಳು ಬಿಡುವುದಿಲ್ಲ. ಇಳಿದು ಬಂದು ಚೋಳರ ಕಾಲದ ಕೋಲಾರಮ್ಮನ ಗುಡಿ, ಪಕ್ಕದ ಬೀದಿಗಳಲ್ಲೇ ಇರುವ ವಿಜಯನಗರ ಕಾಲದ ಸೋಮೇಶ್ವರ. ಎರಡನ್ನೂ ಮಧ್ಯಾಹ್ನ ಬಾಗಿಲು ಹಾಕುವುದರೊಳಗೆ ಮುಗಿಸಿ. ಸೋಮೇಶ್ವರದ ಕಲ್ಯಾಣಮಂಟಪದ ಕಂಬಗಳಿಗೇ ಅರ್ಧ ಗಂಟೆ ಬೇಕು. ಊಟದ ಮೇಲೆ ಮುಳಬಾಗಿಲು ರಸ್ತೆ ಹಿಡಿದು ಆವನಿಯ ನೊಳಂಬರ ಗುಡಿಗಳು, ಕುರುಡುಮಲೆಯ ಗಣಪ, ವಾಪಸು ಬರುತ್ತ ಮುಳಬಾಗಿಲು ದೋಸೆ. ಇದರ ಜೊತೆ ಕಮ್ಮಸಂದ್ರದ ಕೋಟಿಲಿಂಗ, ಕೆಜಿಎಫ್ ಸೇರಿಸಬೇಡಿ. ಅವು ಬೇರೆ ದಿಕ್ಕು, ಬೇರೆ ದಿನ. ಕೆಜಿಎಫ್ ಗಣಿ ಮುಚ್ಚಿದ್ದು 2001ರಲ್ಲಿ, ಒಳಗಿಳಿದು ನೋಡುವಂಥದ್ದೇನಿಲ್ಲ. ಊರ ಸುತ್ತ ಕಾಣುವ ಬೂದುಬಣ್ಣದ ಗುಡ್ಡಗಳು ಚಿನ್ನ ತೆಗೆದುಳಿದ ಸಯನೈಡ್ ಮಣ್ಣು. ಫೋಟೊಗೆಂದು ಹತ್ತಬೇಡಿ.

ತುಮಕೂರಿಗೆ ಮುಕ್ಕಾಲು ದಿನ ಸಾಕು. ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಒಂಬತ್ತರೊಳಗೆ ತಿನ್ನಿ, ಆರಿದ ತಟ್ಟೆ ಇಡ್ಲಿಗೆ ಬೆಣ್ಣೆ ಕರಗುವುದೂ ಇಲ್ಲ, ರುಚಿಯೂ ಇಲ್ಲ. ಅಲ್ಲಿಂದ ಸುಮಾರು 15 ಕಿಲೋಮೀಟರ್ ದೇವರಾಯನದುರ್ಗ: ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ, ಕಾಡಿನಲ್ಲಿ ನಾಮದ ಚಿಲುಮೆ. ಇಳಿದು ಸಿದ್ಧಗಂಗೆಗೆ ಬಂದರೆ ಮಠದ ದಾಸೋಹದಲ್ಲಿ ಊಟ. ಶಿವರಾತ್ರಿಯ ಜಾತ್ರೆ, ದನಗಳ ಪರಿಷೆಯ ದಿನಗಳಲ್ಲಿ ಕಾರು ಮನೆಯಲ್ಲೇ ಬಿಟ್ಟು ಬನ್ನಿ; ಕ್ಯಾತ್ಸಂದ್ರ ಸ್ಟೇಷನ್ನಿನಿಂದ ಮಠಕ್ಕೆ ನಡೆದೇ ಹೋಗಬಹುದು.