ಹೊರಗೆ ಹಾಕಿದ ಕುರ್ಚಿ

ಕಂಪನಿಗಳ ಬೋರ್ಡಿಗೆ, ಅಂದರೆ ನಿರ್ದೇಶಕ ಮಂಡಳಿಗೆ, ಸಲಹೆ ಕೊಡ್ತೇನೆ ಅಂತ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬೋರ್ಡ್ ಹಾಕಿಸಿದ ವಾರವೇ ಒಬ್ಬರು ಬಂದು 'ಫ್ಲೆಕ್ಸ್ ಚದರಡಿಗೆ ಎಷ್ಟು?' ಅಂದರು. ಬೆಂಗಳೂರಿನ ಸಿಎಸ್ (ಕಂಪನಿ ಸೆಕ್ರೆಟರಿ) ಗೆಳೆಯರು ನಕ್ಕಿದ್ದು ಬೇರೆ: 'ಶಿವಮೊಗ್ಗದಲ್ಲಿ ಅಡಿಕೆ ಮಂಡಿ ಇದೆ ಮಾರಾಯ, ಬೋರ್ಡ್ ಎಲ್ಲಿದೆ?' ಮೊದಲ ವರ್ಷ ದುಡಿದದ್ದು ಒಂದೂವರೆ ಲಕ್ಷದೊಳಗೆ. ಬಾಡಿಗೆಗೇ ಲಕ್ಷ ಹೋಯ್ತು.

ತಪ್ಪು ನನ್ನದೇ. ಮಾಚೇನಹಳ್ಳಿಯಲ್ಲಿ ಅಣ್ಣತಮ್ಮಂದಿರ ಒಂದು ಫೌಂಡ್ರಿಗೆ, ಷೇರುಪೇಟೆ ಕಂಪನಿಗೆ ಮಾಡುವ ಹಾಗೆ, ನಲವತ್ತು ಪುಟದ ಕೈಪಿಡಿ ಬರೆದುಕೊಟ್ಟೆ. ಆಡಿಟ್ ಕಮಿಟಿ, ನಾಮಿನೇಷನ್ ಕಮಿಟಿ, ಎಲ್ಲ. ಮೂರು ತಿಂಗಳು ಬಿಟ್ಟು ಹೋದರೆ ಅದು ಸ್ಟೆಬಿಲೈಸರ್ ಕೆಳಗಿತ್ತು. ಬಿಲ್ಲು ಐವತ್ತು ಸಾವಿರ, ಬಂದದ್ದು ಸೊನ್ನೆ. ಅದೇ ಬೇಜಾರಲ್ಲಿ ಸ್ವತಂತ್ರ ನಿರ್ದೇಶಕರ, ಅಂದರೆ ಕಂಪನಿಯ ಜತೆ ಸ್ವಂತ ಹಿತಾಸಕ್ತಿ ಇಲ್ಲದೆ ಬೋರ್ಡಿನಲ್ಲಿ ಕೂರುವವರ, ಆನ್‌ಲೈನ್ ಪರೀಕ್ಷೆ ಬರೆದೆ. ಶೇ. 50 ಬಂದರೆ ಪಾಸು, ನನಗೆ ಎಪ್ಪತ್ತರ ಮೇಲೆ ಬಂತು. ಅಂಥವರ ಪಟ್ಟಿ ಇರುವ ಡೇಟಾಬ್ಯಾಂಕಿನಲ್ಲಿ ಹೆಸರಿತ್ತು, ಫೋನ್ ಬರಲಿಲ್ಲ.

ದಾರಿ ಸಿಕ್ಕಿದ್ದು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೇ ಸೇರಿ ಕಟ್ಟಿದ ಉತ್ಪಾದಕ ಕಂಪನಿಯಲ್ಲಿ. ಹತ್ತು ನಿರ್ದೇಶಕರು, ಸಭೆಯ ಮಿನಿಟ್ಸ್ (ನಡಾವಳಿ) ತುಂಬ 'ಸರ್ವಾನುಮತದಿಂದ'. ಅಧ್ಯಕ್ಷರು ಪಾಲುದಾರರಾಗಿದ್ದ ಮಂಡಿಯದೇ ಗೋದಾಮು, ಬಾಡಿಗೆ ತಿಂಗಳಿಗೆ 38,000ದ ಆಸುಪಾಸು. ಅವರ ಎದುರು ಯಾರು ಬಾಯಿ ಬಿಡ್ತಾರೆ?

ಅವರ ಲೆಕ್ಕಿಗ ಜಾಣ. ಹಿತಾಸಕ್ತಿ ಇರುವ ನಿರ್ದೇಶಕ ಆ ಚರ್ಚೆಯಲ್ಲಿ ಕೂರಬಾರದು ಅನ್ನುವ ನಿಯಮಕ್ಕೆ 2015ರ ವಿನಾಯಿತಿ ತೋರಿಸಿದ: ಇವರದರಂಥ ಖಾಸಗಿ ಕಂಪನಿಯಲ್ಲಿ ಹಿತಾಸಕ್ತಿ ಇದೆ ಅಂತ ಹೇಳಿ ಕೂತರೆ ಸಾಕು. 2017ರ ತಿದ್ದುಪಡಿ ಓದಿರಲಿಲ್ಲ ಆತ. ವಾರ್ಷಿಕ ಲೆಕ್ಕ ಸಲ್ಲಿಸದೆ ಕೂತವರಿಗೆ ಆ ವಿನಾಯಿತಿ ಇಲ್ಲ. ಇವರದು ಎರಡು ವರ್ಷದ್ದು ಬಾಕಿ! ಲೆಕ್ಕಪತ್ರದ ಫಾರಂ ಎಒಸಿ-4ಕ್ಕೂ ವಾರ್ಷಿಕ ವಿವರದ ಫಾರಂ ಎಂಜಿಟಿ-7ಕ್ಕೂ ದಿನಕ್ಕೆ ನೂರು ನೂರರಂತೆ ದಂಡ ಒಂದೂಕಾಲು ಲಕ್ಷ ದಾಟಿತ್ತು. ಮೊತ್ತ ಕೇಳಿದ ಮೇಲೆ ನನ್ನ ಮಾತಿಗೆ ತೂಕ ಬಂತು.

ಮಾಡಿದ್ದಿಷ್ಟೆ. ಜಗಲಿಯಲ್ಲೊಂದು ಕುರ್ಚಿ, ಪೇಪರ್, ಕಾಫಿ. 'ಗೋದಾಮಿನ ವಿಷಯ ಮುಗಿಯೋವರೆಗೆ ಹೊರಗೆ ಕೂತಿರಿ ಅಧ್ಯಕ್ಷರೇ' ಅಂದೆ. 'ನನ್ನನ್ನೇ ಎಬ್ಬಿಸ್ತೀರನಾ?' ಅಂದರು, ಎದ್ದರು. ಒಳಗೆ ಎರಡು ವರ್ಷ ಮೂಕರಾಗಿದ್ದ ಐದು ಜನ ಒಟ್ಟಿಗೇ ಮಾತಾಡಿದರು. ಬಾಡಿಗೆ 25,000ಕ್ಕೆ ಬಂತು. ವರ್ಷಕ್ಕೆ ಒಂದೂವರೆ ಲಕ್ಷ ಉಳಿತಾಯ, ನನ್ನ ಫೀಸು ಅರವತ್ತು ಸಾವಿರ. ಊಟಕ್ಕೆ ಏಳುವ ಮೊದಲು ಮಿನಿಟ್ಸ್ ಕರಡನ್ನು ಗಟ್ಟಿಯಾಗಿ ಓದಿಸುತ್ತೇನೆ. ಹದಿನೈದು ದಿನ ಬಿಟ್ಟು ಕಳಿಸಿದರೆ ಎಲ್ಲರ ನೆನಪೂ ಬೇರೆ ಬೇರೆ. ಹಿಂದಿನ ರಾತ್ರಿ ಯಾರಿಗೆ ಫೋನ್ ಮಾಡ್ತೇನೆ, ಎಂತ ಹೇಳ್ತೇನೆ ಅನ್ನೋದು ಮಾತ್ರ ಬರೆಯೋದಿಲ್ಲ. ಅದು ನನ್ನ ಅನ್ನ.

ಎಡವಿದ್ದೂ ಇದೆ. ಅಜೆಂಡಾ ಯಾರೂ ಓದೋದಿಲ್ಲ ಅಂತ ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದೆ. ಮಾರನೇ ದಿನ ನಮ್ಮ ಖರೀದಿ ದರ ಮಂಡಿಯವರ ಬಾಯಲ್ಲಿತ್ತು. ಅವತ್ತಿಗೇ ಬಿಟ್ಟೆ. ಇನ್ನು ಕೋರಂ, ಅಂದರೆ ಸಭೆ ನಡೆಯೋದಕ್ಕೆ ಬೇಕಾದಷ್ಟು ಜನ. ಏಳು ದಿನ ಮೊದಲು ನೋಟಿಸ್ ಕೊಡಬಹುದು, ಜುಲೈಯಲ್ಲಿ ಯಾವತ್ತು ಬಿಸಿಲು ಬೀಳುತ್ತದೆ ಅಂತ ಹೇಳೋದು ಹೇಗೆ? ಹೊಳವಾದ ದಿನ ಎಲ್ಲರೂ ತೋಟದಲ್ಲಿ, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುತ್ತಿರುತ್ತಾರೆ. ಎರಡು ಸಭೆ ಹಾಗೇ ಹಾಳಾದವು. ಈಗ ಮಳೆಗಾಲದ ಸಭೆ ರಾತ್ರಿ ಏಳಕ್ಕೆ.

ಸದ್ಯ ಕೈಯಲ್ಲಿ ಏಳು ಬೋರ್ಡ್. ನಕ್ಕಿದ್ದ ಗೆಳೆಯನೊಬ್ಬ ಮೊನ್ನೆ ನನ್ನ ಮಿನಿಟ್ಸ್ ಕರಡು ಕೇಳಿದ. ಸ್ಟೆಬಿಲೈಸರ್ ಕೆಳಗೆ ನನ್ನನ್ನು ಇಟ್ಟಿದ್ದ ಫೌಂಡ್ರಿಯ ದೊಡ್ಡಣ್ಣನೂ ಫೋನ್ ಮಾಡಿ, 'ಆ ಕುರ್ಚಿ ನಮ್ಮಲ್ಲೂ ಒಂದು ಹಾಕಿ ಮಾರಾಯ್ರೆ' ಅಂದರು. ಹಳೇ ಬಾಕಿ ಇಟ್ಟು ಮಾತಾಡಿ ಅಂದೆ. ಅರ್ಧ ಬಂದಿದೆ.